ಕರಾಚಿಯಾಕಿ

ಘಾಟ್ಕೋಪರಿನ ಹೇಲು ರಾಚವ್ವನ ತಲೆಯ ಮೇಲೆ ಹೋಗುತ್ತಿತ್ತು. ಮಾತು ಒರಟಾಯಿತು ಅನ್ನಬಹುದು. ಹೊತ್ತವಳು ದಿನಾ ಹೊತ್ತಳು. ಹೇಳುವ ಬಾಯಿ ಹೇಸಿದರೆ ಅದಕ್ಕೇನು ಪುಣ್ಯ ಬಂದೀತು?

ಆಗ ಆ ಕಡೆಯ ಚಾಳುಗಳಲ್ಲಿ ನೀರು ಹೊಯ್ದರೆ ಹರಿದುಹೋಗುವ ಪಾಯಖಾನೆ ಇರಲಿಲ್ಲ. ಮೇಲೆ ಕೂಡುವ ಕಲ್ಲು, ಕೆಳಗೆ ಡಬ್ಬಿ, ಹಿಂದುಗಡೆ ಒಂದು ಸಣ್ಣ ಬಾಗಿಲು. ಆ ಬಾಗಿಲು ರಾಚವ್ವನದು. ಬಗ್ಗಿ, ಕೈ ಒಳಗೆ ಹಾಕಿ ಡಬ್ಬಿ ಎಳೆಯಬೇಕು. ತಗಡಿನ ತುಂಡಿನಿಂದ ಗೋರಬೇಕು. ಬುಟ್ಟಿಗೆ ಸುರಿಯಬೇಕು. ಹಳೇ ಸೀರೆಯ ಸಿಂಬಿ ತಲೆಗಿಟ್ಟು, ಬುಟ್ಟಿ ಹೊತ್ತು, ಕಚರಾ ಡಿಪೋವರೆಗೆ ನಡೆಯಬೇಕು. ಮಳೆಗಾಲದಲ್ಲಿ ಬುಟ್ಟಿ ಸೋರುತ್ತಿತ್ತು. ಸೋರಿದ್ದು ಹಣೆಗೆ, ಹುಬ್ಬಿಗೆ, ತುಟಿಗೆ. ಅವಳು ತುಟಿ ಬಿಗಿಹಿಡಿದು ಮನಸ್ಸಿನೊಳಗೇ ಮಾತಂಗೆವ್ವನ ಹೆಸರು ಹೇಳಿಕೊಳ್ಳುತ್ತಿದ್ದಳು. ಬಾಯಿಬಿಟ್ಟು ದೇವರನ್ನು ಕರೆಯುವುದಕ್ಕೂ ಆ ಕೆಲಸ ಬಿಡುತ್ತಿರಲಿಲ್ಲ.

ಇಷ್ಟು ಮಾಡಿ ಬಂದವಳಿಗೆ ಮೈ ತೊಳೆಯಲು ನೀರಿಲ್ಲ. ರೈಲುಹಳಿಯ ಪಕ್ಕ ಕಸಗುಡಿಸುವವರ ಖೋಲಿಗಳ ಒಂದು ಸಾಲು. ಲೈನು ಅನ್ನುತ್ತಿದ್ದರು. ಲೈನಿಗೆ ನಳ ಇರಲಿಲ್ಲ. ಚಾಳಿನ ನಳ ಇವರು ಮುಟ್ಟುವ ಹಾಗಿರಲಿಲ್ಲ. ಕೊಡ ನೆಲಕ್ಕಿಟ್ಟು ದೂರ ಕೂತು, "ಬಾಯೀ, ನೀರು ಹಾಕ್ರಿ ಬಾಯೀ" ಎಂದು ಕೂಗಬೇಕು. ಅವರ ಪಾತ್ರೆ ತುಂಬಿ, ಅವರ ಬಟ್ಟೆ ಒಗೆದು, ಅವರ ಮಾತು ಮುಗಿದ ಮೇಲೆ ಯಾರಾದರೂ ಎತ್ತರದಿಂದ ಹೊಯ್ಯುವರು. ಅರ್ಧ ಕೊಡಕ್ಕೆ, ಅರ್ಧ ಮಣ್ಣಿಗೆ. ಎಷ್ಟೋ ದಿನ ರಾಚವ್ವ ಹೊಯ್ಗೆಯಲ್ಲಿ ಕೈಯುಜ್ಜಿಕೊಂಡು ರೊಟ್ಟಿ ತಟ್ಟಿದಳು.

ಆ ವರ್ಷ ವಾರ್ಡಿನ ಚುನಾವಣೆ ಬಂತು. ಲೈನಿನ ಕೊರಗಪ್ಪ ನಿಂತ. ಮಂಗಳೂರು ಕಡೆಯವನು, ಗಟಾರಕ್ಕೆ ಇಳಿಯುವವನು, ಯೂನಿಯನ್ನಿನ ಮನುಷ್ಯ. ಅವನ ಗುರುತು ಏಣಿ. ಬುಟ್ಟಿ ಹೊರುವ ಜನರೊಳಗಿನಿಂದ ಒಬ್ಬ ಓಟಿಗೆ ನಿಂತದ್ದು ಆ ಭಾಗದಲ್ಲಿ ಅದೇ ಮೊದಲು.

"ಗೆದ್ದರೆ ನಾನು ಎಂತ ಮಾಡ್ತೇನೆ ಗೊತ್ತುಂಟಾ ಅಕ್ಕ? ಮೊದಲು ಲೈನಿಗೆ ನಳ. ಆಮೇಲೆ ಬಾಕಿದ್ದು," ಅಂದ.

"ಏಣಿ ಹತ್ತಿದ ಮ್ಯಾಲ ಕೆಳಗ ನಿಂತವ್ರು ಸಣ್ಣಾಗಿ ಕಾಣ್ತಾರ ತಮ್ಮಾ. ಮರ್ತೀಯ ಮತ್ತ," ಅಂದಳು ರಾಚವ್ವ. ನಕ್ಕಳು. ನಕ್ಕರೂ ಕೆಲಸ ಮುಗಿಸಿ ಮನೆಮನೆಗೆ ಹೋಗಿ ಅವನ ಮಾತು ಹೇಳಿದವಳು ಅವಳೇ. ಓಟು ಅಂದರೆ ಏನು, ಕಾಗದ ಎಲ್ಲಿ ಹಾಕಬೇಕು, ಹೆದರಬೇಡಿ, ಒಳಗೆ ಯಾರೂ ನೋಡುವುದಿಲ್ಲ ಎಂದು ಹೆಂಗಸರಿಗೆ ತಿಳಿಸಿ ಹೇಳಿದಳು. ತಾನೂ ಹಾಕುವವಳೇ ಎಂದು ತಿಳಿದಿದ್ದಳು.

ಮತದಾರರ ಪಟ್ಟಿ ಮಾಡಲು ಬಂದವರು ಶಾಲೆಯ ಮಾಸ್ತರ ರಮಾನಾಥರು. ಉಡುಪಿ ಕಡೆಯವರು. ಹಣೆಗೆ ಗಂಧ, ಮಾತು ಮೆತ್ತಗೆ. ಲೈನಿನ ಒಳಗೆ ಕಾಲಿಡದೆ, ತುದಿಯ ಕಲ್ಲಿನ ಮೇಲೆ ಛತ್ರಿ ಹಿಡಿದು ನಿಂತು ಒಬ್ಬೊಬ್ಬರನ್ನೇ ಕರೆದರು. ರಾಚವ್ವ ಒಳಗೆ ಒಲೆ ಊದುತ್ತಿದ್ದಳು. ಗಂಡ ಶಿವಪುತ್ರಪ್ಪ ಹೊರಗೆ ಹೋದ. ಅವನು ಸ್ಟೇಷನ್ ಹತ್ತಿರದ ಕಾಳಿನ ಗೋದಾಮಿನಲ್ಲಿ ಮೂಟೆ ಹೊರುವ ಹಮಾಲ.

"ಮನೆಯಲ್ಲಿ ಯಾರೆಲ್ಲ ಇದ್ದೀರಿ ಮಾರಾಯ?"

"ನಾ ಅದೀನ್ರಿ, ಶಿವಪುತ್ರಪ್ಪ. ಹೇಣ್ತಿ ಅದಾಳ್ರಿ."

"ಅವಳ ಹೆಸರು?"

ಶಿವಪುತ್ರಪ್ಪ ತಲೆ ಕೆರೆದುಕೊಂಡ. ಬಿಜಾಪುರ ಸೀಮೆಯ ಗಂಡಸು. ಹೆಂಡತಿಯ ಹೆಸರು ಬಾಯಲ್ಲಿ ಹೇಳಿದವನಲ್ಲ. ಆ ಕಡೆ ಮನೆಗೆ ಬಂದ ಸೊಸೆಯನ್ನು ತವರೂರಿನಿಂದ ಕರೆಯುತ್ತಾರೆ. ಮುಧೋಳದಿಂದ ಬಂದವಳು ಮುಧೋಳದಾಕಿ, ಬಾದಾಮಿಯಿಂದ ಬಂದವಳು ಬಾದಾಮಿಯಾಕಿ. ಅತ್ತೆ ಹಾಗೆ ಕರೆಯುತ್ತಾಳೆ, ಗಂಡ ಹಾಗೆ ಕರೆಯುತ್ತಾನೆ, ಓಣಿ ಹಾಗೆ ಕರೆಯುತ್ತದೆ. ಬೈಗುಳವಲ್ಲ ಅದು, ಅಕ್ಕರೆ. ರಾಚವ್ವನ ಅಪ್ಪ ಹೊಟ್ಟೆಪಾಡಿಗೆ ಕರಾಚಿ ಬಂದರಿಗೆ ಹೋಗಿದ್ದವನು. ಆಗ ಆ ಊರೂ ಮುಂಬೈ ಇಲಾಖೆಯದೇ. ಹಡಗು ಹತ್ತಿದರೆ ಮುಗಿಯಿತು, ಗಡಿ ಗೆರೆ ಏನೂ ಇರಲಿಲ್ಲ. ಮಗಳು ಅಲ್ಲಿ ಹುಟ್ಟಿ, ಸೊಸೆಯಾಗಿ ಇತ್ತ ಬಂದಳು.

"ಕರಾಚಿಯಾಕಿ ಅಂತ ಬರಕೋರಿ," ಅಂದ ಶಿವಪುತ್ರಪ್ಪ.

ಲೈನೆಲ್ಲ ನಕ್ಕಿತು. ಪಕ್ಕದ ಖೋಲಿಯ ಸೇವಂತಿ, "ಹೆಂಡತಿ ಹೆಸರು ಹೇಳಿದರೆ ಹಲ್ಲು ಉದುರ್ತದಾ ಅಣ್ಣ?" ಅಂದಳು. ರಮಾನಾಥರೂ ನಕ್ಕರು. ನಗುತ್ತಿದ್ದ ಹಾಗೇ ಅವರ ಪೆನ್ನು ನಿಂತಿತು.

"ಕರಾಚಿ ಅಂದರೆ... ಆ ಕರಾಚಿಯಾ?"

"ಅದ ಕರಾಚಿರಿ. ಇನ್ನೊಂದು ಎಲ್ಲೈತ್ರಿ?" ಅಂದ, ದೊಡ್ಡ ಊರಿನ ಅಳಿಯ ತಾನು ಅನ್ನುವ ಹೆಮ್ಮೆಯಿಂದ.

ರಾಚವ್ವ ಹೊರಗೆ ಬಂದಳು. ರಮಾನಾಥರು ಕೇಳಿದರು. ಅವಳು ಸುಳ್ಳು ಹೇಳಲಿಲ್ಲ. ಮಾಸ್ತರ ಕೇಳುತ್ತಿದ್ದಾರೆ, ಗಂಧ ಹಚ್ಚಿದವರ ಮುಂದೆ ಸುಳ್ಳು ಯಾಕೆ ಎಂದು ಇದ್ದದ್ದು ಇದ್ದಂತೆ ಹೇಳಿದಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಕೂಸು ಉಳಿಯಲಿಲ್ಲ. ಅವ್ವ ಹಾಸಿಗೆ ಹಿಡಿದಳು. ಅವ್ವನ ಕಸಬರಿಗೆ ಇವಳು ಹಿಡಿದಳು. ಅಷ್ಟರಲ್ಲಿ ದೇಶ ಎರಡಾಯಿತು. ಉಳ್ಳವರೆಲ್ಲ ಹಡಗು ಹತ್ತಿದರು. ಇವಳೂ ಗಂಟು ಕಟ್ಟಿಕೊಂಡು ಬಂದರಿಗೆ ಹೋದಳು.

"ನಮ್ಮನ್ನ ಬಿಡಲಿಲ್ರಿ. ಕಸಾ ಬಳಿಯವ್ರು ಹೋದ್ರ ಊರು ನಾರತೈತಿ, ನಿಮಗ ಹಡಗಿಲ್ಲ ಅಂತ ತಿರುಗಿಸಿ ಕಳಿಸಿದ್ರು. ಅವ್ವನ್ನ ಮಣ್ಣು ಮಾಡಿ, ಕೈಕಾಲು ಹಿಡಕೊಂಡು ಬರೂದ್ರಾಗ ಎಲ್ಲಾ ಮುಗದಿತ್ತು ನೋಡ್ರಿ."

"ಸರಕಾರ ಇಟ್ಟ ತಾರೀಖು ದಾಟಿತಲ್ಲ ಮಾರಾಯ್ತಿ," ಅಂದರು ರಮಾನಾಥರು. ಧ್ವನಿಯಲ್ಲಿ ನಿಜವಾಗಿಯೂ ಮರುಕವಿತ್ತು. "ಆ ತಾರೀಖಿನ ಮೊದಲು ಬಂದವರು ಇಲ್ಲಿಯವರು. ಆಮೇಲೆ ಬಂದವರು ಸರಕಾರಕ್ಕೆ ಅರ್ಜಿ ಹಾಕಿ ಇಲ್ಲಿಯವರು ಅನ್ನಿಸಿಕೊಳ್ಳಬೇಕು. ಅಲ್ಲಿಯವರೆಗೆ ಹೆಸರು ಬರೆಯಲಿಕ್ಕೆ ನನಗೆ ಅಧಿಕಾರ ಇಲ್ಲ."

ಅಂದರೆ ಆ ಊರು, ನೀನಿಲ್ಲದೆ ನಾರುತ್ತೇನೆ ಎಂದು ಅವಳನ್ನು ಹಿಡಿದಿಟ್ಟಿತು. ಈ ಊರು, ತಡವಾಗಿ ಬಂದೆ ಎಂದು ಹೊರಗಿಟ್ಟಿತು. ಎರಡೂ ಊರಿನ ಡಬ್ಬಿ ಎಳೆದದ್ದು ಅದೇ ಕೈ.

ಗಂಡ ಹೆಂಡತಿ ಅರ್ಜಿ ಬರೆಸಿದರು. ಅರ್ಜಿ ಹೋಯಿತು. ಹೋದದ್ದು ಹೋಯಿತು, ಅಷ್ಟೇ.

ಚುನಾವಣೆಗೆ ಮುಂಚೆ ಕೊರಗಪ್ಪ ಅವಳನ್ನು ಶಾಲೆಗೆ ಕರೆದುಕೊಂಡು ಹೋದ. ರಮಾನಾಥರು ಜಗಲಿಯ ಮೇಲೆ ನಿಂತರು. ಇವರಿಬ್ಬರು ಕೆಳಗೆ, ಬಿಸಿಲಿನಲ್ಲಿ.

"ಮಾಸ್ತರ, ನಾ ದಿಲ್ಲಿ ಕೇಳವಲ್ಲೆ," ಅಂದಳು ರಾಚವ್ವ. "ದಿಲ್ಲಿಗೆ ಯಾರನ್ನರ ಕಳಸ್ರಿ. ಅದು ದೇಶದ ಮಾತು. ಹಡಗಿನ ಮಾತು, ತಾರೀಖಿನ ಮಾತು. ಆಗಲಿ. ನಾ ಈ ಗಲ್ಲಿ ಕೇಳಾಕತ್ತೀನಿ. ಇಲ್ಲೇ ದುಡೀತೀನಿ, ಇಲ್ಲೇ ಉಣ್ತೀನಿ, ಇಲ್ಲೇ ಸಾಯ್ತೀನಿ. ನಮ್ಮ ಲೈನಿಗೆ ನಳ ಬರ್ಲಿ ಅನ್ನಾಕ ನಾ ಯಾವ ದೇಶದಾಕಿ ಆಗಬೇಕ್ರಿ?"

ರಮಾನಾಥರು ಅಂದರು: "ನೀನು ಹೇಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಗಲ್ಲಿಗೆ ಬೇರೆ, ದೇಶಕ್ಕೆ ಬೇರೆ ಅಂತ ಕಾನೂನಿನಲ್ಲಿ ಇಲ್ಲವಲ್ಲ. ವಾರ್ಡಾದರೂ ಓಟು ಓಟೇ."

"ಕಾನೂನು ಯಾರು ಮಾಡ್ತಾರ್ರಿ?"

"ಜನ ಆರಿಸಿ ಕಳಿಸಿದವರು."

"ಹಂಗಾರ ಅವ್ರನ್ನ ಕೇಳಬೇಕು ನಾ. ಕೇಳಾಕ ಓಟು ಬೇಕು. ಓಟಿಗೆ ಕಾನೂನು ಬೇಕು."

ಕೊರಗಪ್ಪ ನಕ್ಕುಬಿಟ್ಟ. ರಮಾನಾಥರು ಮುಖ ಸಣ್ಣದು ಮಾಡಿಕೊಂಡು, "ನನ್ನ ಕೈಯಲ್ಲಿ ಎಂತ ಇದೆ ಹೇಳು? ಮೇಲೆ ದೇವರಿದ್ದಾನೆ," ಅಂದರು.

"ಅದಾನ್ರಿ," ಅಂದಳು ರಾಚವ್ವ. "ಆದ್ರ ಅವನ ಹೆಸರೂ ನಿಮ್ಮ ಪಟ್ಟ್ಯಾಗ ಇಲ್ಲಲ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಅವಳು ದಿನಾ ಕೈಮುಗಿಯುವವಳು. ದೇವರೂ ತಾನೂ ಒಂದೇ ಬಾಗಿಲಲ್ಲಿ ಹೊರಗೆ ನಿಂತಿದ್ದೇವೆ ಎಂದು ಆ ಗಳಿಗೆಗೆ ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಿದಳು.

ಮನೆಯಲ್ಲಿ ಶಿವಪುತ್ರಪ್ಪ ಕುಗ್ಗಿಹೋಗಿದ್ದ. ತನ್ನ ಬಾಯಿಂದಲೇ ಬಿದ್ದ ಮಾತು. ಬೇರೆ ಯಾವ ಹೆಸರು ಹೇಳಿದ್ದರೂ ಮಾಸ್ತರ ಬರೆದುಕೊಂಡು ಮುಂದೆ ಹೋಗುತ್ತಿದ್ದರು. ರೊಟ್ಟಿ ಮುರಿದವನು ಬಾಯಿಗಿಡದೆ ಕೂತ.

"ನನ್ನ ಓಟು ಬ್ಯಾರೆ, ನಿನ್ನ ಓಟು ಬ್ಯಾರೆ ಏನ? ನಾ ಹಾಕಿದ್ದು ಇಬ್ಬರದೂ ಅಂತ ತಿಳಕೋ."

"ನನ್ನ ಹಸಿವಿಗೆ ನೀ ಉಂಡ್ರ ನನ್ನ ಹೊಟ್ಟಿ ತುಂಬತೈತೇನು?"

"ಗಂಡ ಅಲ್ಲೇನ ನಾ?"

"ಗಂಡ ಹೌದು. ಬಾಯಿ ಅಲ್ಲ," ಅಂದಳು. ಅಂದ ಮೇಲೆ ಅವಳಿಗೇ ಕೆಡುಕೆನಿಸಿತು. ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಉಣ್ಣಲಿಲ್ಲ. ಅವಳೂ ಉಣ್ಣಲಿಲ್ಲ.

ಓಟಿನ ದಿನ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಮುಕಾದಮ ಬಂದು ಬಾಗಿಲು ಒದ್ದ. ಕಸಗುಡಿಸುವವರ ಮೇಲೆ ಅವನದೇ ಹಾಜರಿ, ಅವನದೇ ದರಬಾರು. "ಏ ಬಾಯಿ, ಚಲ್! ಸ್ಕೂಲ್ ಸಾಫ್ ಮಾಡಬೇಕು. ಸಾಹೇಬ್ ಲೋಗ್ ಬರ್ತಾರೆ."

ರಾಚವ್ವ ಶಾಲೆ ಗುಡಿಸಿದಳು. ನೆಲ ಒರೆಸಿದಳು. ಹಿಂದಿನ ಪಾಯಖಾನೆಯ ಡಬ್ಬಿ ಖಾಲಿ ಮಾಡಿ ಹೊತ್ತು ಚೆಲ್ಲಿ ಬಂದಳು. ಓಟಿನ ಪೆಟ್ಟಿಗೆ ಇಡುವ ಮೇಜನ್ನು ಮಾತ್ರ ಮುಟ್ಟಬೇಡ ಅಂದರು. ಮುಟ್ಟಲಿಲ್ಲ.

ಮನೆಗೆ ಬಂದು, ಸೇವಂತಿ ಎತ್ತಿಟ್ಟಿದ್ದ ಅರ್ಧ ಕೊಡ ನೀರಿನಲ್ಲಿ ಮಿಂದಳು. ಇದ್ದ ಒಂದು ಇಳಕಲ್ ಸೀರೆ ಉಟ್ಟಳು. ಹಣೆಗೆ ಭಂಡಾರದ ಅರಿಸಿನ ಹಚ್ಚಿದಳು. ತಾನು ಗುಡಿಸಿದ ಶಾಲೆಯ ಮುಂದೆ, ಹೆಂಗಸರ ಸಾಲಿನಲ್ಲಿ ಹೋಗಿ ನಿಂತಳು.

ಮುಂದಿನವಳು ತಿರುಗಿ ನೋಡಿ ಸೆರಗು ಎಳೆದುಕೊಂಡಳು. ಹಿಂದಿನವಳು ಮಾರು ದೂರ ಬಿಟ್ಟು ನಿಂತಳು. ಸಾಲಿನಲ್ಲಿ ರಾಚವ್ವನ ಸುತ್ತ ಒಂದು ಖಾಲಿ ಜಾಗ ಆಯಿತು. ಸಾಲು ಸರಿದ ಹಾಗೆ ಅದೂ ಸರಿಯಿತು. ಬಾಗಿಲಿಗೆ ಬಂದಾಗ ಒಳಗೆ ಕೂತಿದ್ದ ರಮಾನಾಥರು ತಲೆಯೆತ್ತಿದರು.

"ರಾಚವ್ವಾ, ನಿನ್ನ ಹೆಸರಿಲ್ಲ ಅಂತ ಗೊತ್ತುಂಟಲ್ಲ?"

"ಗೊತ್ತೈತ್ರಿ."

"ಮತ್ತೆ ಎಂತಕ್ಕೆ ಬಂದದ್ದು?"

"ಇಲ್ಲ ಅನ್ನೂದನ್ನ ಎಲ್ಲಾರ ಮುಂದ ಹೇಳ್ರಿ. ಅದಕ್ಕ ಬಂದೀನಿ."

ರಮಾನಾಥರ ತುಟಿ ಅಲುಗಿತು. "ಇಲ್ಲ," ಅಂದರು, ಅವರಿಗೇ ಕೇಳಿಸದಷ್ಟು ಮೆತ್ತಗೆ.

"ಜೋರಾಗಿ ಹೇಳ್ರಿ ಮಾಸ್ತರ. ರಾಚವ್ವ, ಶಿವಪುತ್ರಪ್ಪನ ಹೇಣ್ತಿ, ಈ ವಾರ್ಡಿನ್ಯಾಗ ಇಲ್ಲ ಅಂತ ಹೇಳ್ರಿ. ಬೆಳಿಗ್ಗೆ ಈ ಸಾಲಿ ಬಳದಾಕಿ ಯಾರು, ಅದನ್ನೂ ಹೇಳ್ರಿ."

ಮಾಸ್ತರ ಪಟ್ಟಿಯ ಹಾಳೆ ತಿರುವಿದರು. ಎದುರು ಪಕ್ಷದ ಏಜೆಂಟ ಕುರ್ಚಿಯಿಂದ ಎದ್ದು ಕೂಗಿದ: "ಬೋಗಸ್! ಪಾಕಿಸ್ತಾನ್ ಕೀ ಔರತ್! ಬೋಗಸ್ ಓಟು ಹಾಕಿಸ್ತಿದ್ದಾರೆ!" ಸಾಲಿನ ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. "ಹಾಕ್ರೋ ಹೊರಗೆ!"

ಹೊರಗಿನಿಂದ ಕೊರಗಪ್ಪ ಓಡಿಬಂದ. ಅಂಗಿ ಬೆವರಿನಿಂದ ಮೈಗಂಟಿತ್ತು. ರಾಚವ್ವನಿಗೆ ಎದೆ ಹಗುರಾಯಿತು. ಇವನೊಬ್ಬ ಮಾತಾಡುತ್ತಾನೆ ಅಂದುಕೊಂಡಳು.

"ಇವತ್ತು ಬೇಡ ಅಕ್ಕಾ," ಅಂದ ಕೊರಗಪ್ಪ. ಕೈಮುಗಿದ. "ನಿನ್ನ ಕಾಲು ಹಿಡೀತೇನೆ. ಪಾಕಿಸ್ತಾನದವರನ್ನು ತಂದು ಓಟು ಹಾಕಿಸ್ತಾನೆ ಅಂತ ನನ್ನ ಮೇಲೆ ಕಂಪ್ಲೇಂಟ್ ಬರೀತಾರೆ. ಇಷ್ಟೂ ಜನರ ಓಟು ಹಾಳಾಗ್ತದೆ. ಗೆದ್ದ ಮೇಲೆ ನಾನೇ ನಿನ್ನ ವಿಷಯ ಎತ್ತುತ್ತೇನೆ. ಇವತ್ತು ಮಾತ್ರ ಬೇಡ."

ರಾಚವ್ವ ಅವನ ಮುಖ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಅವಳನ್ನು ಮುರಿಯಿತು. ಸುಳ್ಳಾಗಿದ್ದರೆ ಉಗಿಯಬಹುದಿತ್ತು. ಸಾಲು ಬಿಟ್ಟು ಹೊರಗೆ ಬಂದು ಗೋಡೆಯ ನೆರಳಿಗೆ ಕೂತಳು. ಸೇವಂತಿ ಒಳಗೆ ಹೋಗಿ ಬಂದಳು. ಲೈನಿನ ಮಿಕ್ಕ ಹೆಂಗಸರು ಹೋಗಿ ಬಂದರು. ರಾಚವ್ವ ಹೇಳಿಕೊಟ್ಟ ಹಾಗೆಯೇ ಕಾಗದ ಹಾಕಿ ಬಂದರು. ಯಾರೂ ಅವಳ ಕಡೆ ನೋಡಲಿಲ್ಲ. ನೋಡಿದರೆ ಅಳು ಬರುತ್ತಿತ್ತೋ ಏನೋ.

ಮಧ್ಯಾಹ್ನದ ಹೊತ್ತಿಗೆ ಶಾಲೆಯ ಪಾಯಖಾನೆ ತುಂಬಿತು. ದಿನದ ಮಕ್ಕಳಲ್ಲ, ಇಡೀ ವಾರ್ಡಿನ ಜನ. ಡಬ್ಬಿ ತುಂಬಿ, ಕಟ್ಟೆ ಇಳಿದು, ಜಗಲಿಯವರೆಗೆ ಹರಿಯಿತು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದರು. ಮುಕಾದಮ ಬುಟ್ಟಿ ತಂದು ರಾಚವ್ವನ ಮುಂದೆ ಎಸೆದ.

"ಏ ಬಾಯಿ. ಉಠ್."

ರಾಚವ್ವ ಏಳಲಿಲ್ಲ.

"ಕಿವಿ ಇಲ್ಲ ಕ್ಯಾ?"

"ಕಿವಿ ಐತಿ. ನಾ ಎತ್ತಂಗಿಲ್ಲ."

ಮುಕಾದಮನಿಗೆ ಮೊದಲು ಅರ್ಥವಾಗಲಿಲ್ಲ. ಆ ಮಾತು ಅವನು ಕೇಳಿದವನಲ್ಲ.

"ಪರದೇಶದಾಕಿ ಅಂದ್ರಲ್ಲ ನನಗ," ಅಂದಳು ರಾಚವ್ವ. ಧ್ವನಿ ಏರಲಿಲ್ಲ. "ಈ ವಾರ್ಡಿನ ಓಟು ನಂದಲ್ಲ ಅಂದ್ರ ಈ ವಾರ್ಡಿನ ಹೇಲೂ ನಂದಲ್ಲ. ಓಟಿದ್ದವ್ರನ್ನ ಕರೀರಿ. ಅವ್ರದು ಅವ್ರು ಎತ್ತಲಿ. ಇವತ್ತ ನಾ ಮುಟ್ಟಂಗಿಲ್ಲ. ಮಾತಂಗೆವ್ವನಾಣಿ ಮುಟ್ಟಂಗಿಲ್ಲ."

ಸಾಲಿನಲ್ಲಿ ಒಬ್ಬ ಮುದುಕ ಮೆಲ್ಲಗೆ ಬೇರೆ ಕಡೆ ತಿರುಗಿದ. ಆ ಒಂದು ಗಳಿಗೆ ರಾಚವ್ವ ಆ ಜಾಗದಲ್ಲಿ ಎಲ್ಲರಿಗಿಂತ ಎತ್ತರ ಇದ್ದಳು, ನೆಲದ ಮೇಲೆ ಕೂತೇ. ಆದರೆ ಗಳಿಗೆ ಎಷ್ಟು ಹೊತ್ತಿನದು?

ಮುಕಾದಮ ನಕ್ಕ. "ಅಚ್ಛಾ. ನೀನು ಪರದೇಶಿ ಅಂತ ನೀನೇ ಒಪ್ಪಿದೆ. ಎಲ್ಲರೂ ಕೇಳಿದ್ರು. ಚೌಕಿಗೆ ಹೋಗಿ ಒಂದು ಮಾತು ಹೇಳ್ತೀನಿ. ನಾಳೆ ಹಡಗು ಹತ್ತಿಸ್ತಾರೆ. ಖೋಲಿ ಬೇರೆಯವರಿಗೆ. ನಿನ್ನ ಗಂಡ ಇಲ್ಲಿ, ನೀನು ಅಲ್ಲಿ. ಹೇಳ್ಲಾ?" ಬಾಗಿಲ ಬಳಿ ನಿಂತಿದ್ದ ಪೊಲೀಸನನ್ನು ಕೈಮಾಡಿ ಕರೆದ. ಪೊಲೀಸ ಲಾಠಿ ತಿರುಗಿಸುತ್ತ ಇತ್ತ ಬರತೊಡಗಿದ.

ರಾಚವ್ವ ಏಳಲಿಲ್ಲ. ಅವಳ ಕೈ ಮಣ್ಣನ್ನು ಹಿಡಿದುಕೊಂಡಿತು.

"ಆಕಿನ್ನ ಬಿಡ್ರಿ."

ಶಿವಪುತ್ರಪ್ಪ. ಆಗತಾನೇ ಓಟು ಹಾಕಿ ಹೊರಬಂದಿದ್ದ. ಒಗೆದ ಬಿಳಿ ಅಂಗಿ. ಬೆರಳಿನ ಮಸಿ ಇನ್ನೂ ಹಸಿ.

"ಆಕಿನ್ನ ಬಿಡ್ರಿ ಸಾಹೇಬ. ಚೌಕಿ ಬ್ಯಾಡ. ನಾ ಎತ್ತತೀನಿ."

"ನೀ ಎತ್ತಬ್ಯಾಡ!" ರಾಚವ್ವ ಕೂಗಿದಳು. "ನನ್ನಾಣಿ ಎತ್ತಬ್ಯಾಡ ನೀ!"

ಅವನು ಅವಳ ಕಡೆ ನೋಡಲಿಲ್ಲ. ಅಪ್ಪನ ಕಾಲದಲ್ಲೇ ಬುಟ್ಟಿ ಬಿಟ್ಟ ಮನೆತನ. ಮೂಟೆ ಹೊತ್ತೇನು, ಇದನ್ನು ಹೊರೆನು ಎಂದು ಹದಿಹರೆಯದಲ್ಲೇ ಶಪಥ ಮಾಡಿ ಮುಂಬೈ ಸೇರಿದವನು. ಈಗ ಹಿಂದಿನ ಸಣ್ಣ ಬಾಗಿಲಿಗೆ ಬಗ್ಗಿದ. ತಗಡು ಹಿಡಿಯುವ ರೀತಿ ಗೊತ್ತಿರಲಿಲ್ಲ. ಕೈಯಿಂದಲೇ ಬಾಚಿದ. ಮೂಟೆಯಂತೆ ಒಂದೇ ಎತ್ತಿಗೆ ಬುಟ್ಟಿ ತಲೆಗೇರಿಸಿದ. ಸಿಂಬಿ ಇಟ್ಟುಕೊಳ್ಳಬೇಕೆಂದೂ ತಿಳಿಯಲಿಲ್ಲ. ಹಸಿಯದು ಅಂಗಿಯ ಬೆನ್ನಿನ ಮೇಲೆ ಇಳಿಯಿತು. ರಮಾನಾಥರು ಕಿಟಕಿಯಿಂದ ನೋಡಿದರು. ನೋಡಿ, ಮುಂದಿನವರ ಹೆಸರು ಕೂಗಿದರು.

"ಎಲ್ಲಿ ಚೆಲ್ಲಬೇಕು?" ಅಂದ ಶಿವಪುತ್ರಪ್ಪ.

ಮುಕಾದಮ ರಾಚವ್ವನ ಕಡೆ ನೋಡಿ ಹಲ್ಲುಕಿರಿದ. ದಾರಿ ಅವಳಿಗೆ ಗೊತ್ತಿತ್ತು.

ರಾಚವ್ವ ಎದ್ದಳು. ಮುಂದೆ ನಡೆದಳು. ಅವನು ಹಿಂದೆ ಬಂದ. ಸಾಲು ಒಡೆದು ಅಗಲವಾಗಿ ದಾರಿ ಬಿಟ್ಟಿತು. ಹೋಟೆಲಿನ ಮುಂದೆ ಚಹಾ ಕುಡಿಯುತ್ತಿದ್ದವರು ಬಸಿಯಿಂದ ಮುಖ ತೆಗೆದರು. ಅವಳು ತಿರುಗಿ ನೋಡಲಿಲ್ಲ. ಹಿಂದೆ ಅವನ ಉಸಿರು ಕೇಳುತ್ತಿತ್ತು. ಅವನು ವಾಕರಿಸುವುದು, ನುಂಗುವುದು, ಮತ್ತೆ ವಾಕರಿಸುವುದು ಕೇಳುತ್ತಿತ್ತು. ತುಟಿ ಬಿಗಿಹಿಡಿ ಎಂದು ಹೇಳಬೇಕೆನಿಸಿತು. ಹೇಳಿದರೆ ಕೆಲಸ ಕಲಿಸಿದ ಹಾಗೆ. ಹೇಳಲಿಲ್ಲ.

ಡಿಪೋದಲ್ಲಿ ಗಾಡಿ ನಿಂತಿತ್ತು. ಶಿವಪುತ್ರಪ್ಪ ಅದರ ಮುಂದೆ ಬಂದು ನಿಂತ. ನಿಂತೇ ಇದ್ದ. ಮೂಟೆಯಾದರೆ ಹೆಗಲು ಕೊಡವಿ ಕೆಡವುತ್ತಿದ್ದ. ಇದನ್ನು ಕೆಡವುವ ಹಾಗಿಲ್ಲ. ಕೈ ಸಡಿಲಿಸಿದರೆ ಮೈಮೇಲೆ. ಬಗ್ಗಿದರೆ ಮುಖದ ಮೇಲೆ. ಅವನ ಕತ್ತಿನ ನರ ಉಬ್ಬಿ ನಡುಗುತ್ತಿತ್ತು. ಕಣ್ಣು ಮುಚ್ಚಿದ್ದ.

"ಇಳಸ," ಅಂದ.

ರಾಚವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

"ಇಳಸ ಅಂತೀನಿ... ಕುತ್ತಿಗಿ ಹೋಗಾಕತ್ತೈತಿ."

ಮಾತಂಗೆವ್ವನ ಆಣೆ ಇಟ್ಟಿದ್ದಳು. ಸಂಜೆ ಇನ್ನೂ ಆಗಿರಲಿಲ್ಲ. ಅವ್ವಾ, ತಪ್ಪು ನಿನ್ನ ಹೊಟ್ಟೆಯಲ್ಲಿ ಹಾಕಿಕೋ ಅಂದಳು. ಬಾಯಿಬಿಟ್ಟೇ ಅಂದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಚಾಚಿ, ಬುಟ್ಟಿ ಹಿಡಿದುಕೊಂಡಳು.